ಮನೆಯ ಚಿತ್ರವೇ ಆಟದ ಹಲಗೆ

ಮಲ್ಲತ್ತಹಳ್ಳಿಯ ಒಂದು ಮನೆ. ದಸರೆಯ ರಜೆ, ಹೊರಗೆ ಜಿನುಗುಮಳೆ. ಹತ್ತು ವರ್ಷದ ಮೊಮ್ಮಗನು ನಡುಮನೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದಾನೆ. ತೆರೆಯ ಮೇಲೆ ನಲವತ್ತೆಂಟು ತುಂಡುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ಒಂದರಲ್ಲಿ ಎತ್ತಿನ ಕೊಂಬು, ಇನ್ನೊಂದರಲ್ಲಿ ಅರ್ಧ ರುಮಾಲು, ಮತ್ತೊಂದರಲ್ಲಿ ಕಲ್ಲಿನ ಕಂಬದಂತಹ ಏನೋ ಒಂದು.

"ತಾತ, ಈ ಕಂಬ ಎಲ್ಲಿಗೆ ಬರತ್ತೆ?"

"ಅದು ಕಂಬ ಅಲ್ಲಪ್ಪ, ತೂಬು. ಕೆರೆ ತೂಬು. ಏರಿ ಪಕ್ಕಕ್ಕೆ ಹಾಕು, ನೀರಿನ ಕಡೆಗೆ."

"ಏರಿ ಅಂದ್ರೆ?"

ತಾತ ಕನ್ನಡಕವನ್ನು ಸರಿಮಾಡಿಕೊಂಡು, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಳ್ಳುತ್ತಾರೆ.

ಇಂತಹದೊಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಊಹೆಗೆ ಹೆಚ್ಚಿನ ಶ್ರಮವೇನೂ ಬೇಕಿಲ್ಲ. ಜ್ಞಾನಭಾರತಿಯ ಮಗ್ಗುಲಿನ ಮಲ್ಲತ್ತಹಳ್ಳಿ ತನ್ನ ಹೆಸರಿನಲ್ಲಿ ಇನ್ನೂ ಹಳ್ಳಿಯನ್ನು ಉಳಿಸಿಕೊಂಡಿದೆಯಾದರೂ, ಇಂದು ಅಲ್ಲಿ ಕಾಣುವುದು ಬಡಾವಣೆಗಳ ಸಾಲು, ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯ, ನಾಟಕಗಳ ತಾಲೀಮು ನಡೆಯುವ ಕಲಾಗ್ರಾಮ. ಕೆರೆಯೊಂದು ಮಾತ್ರ ಉಳಿದಿದೆ. ಅದರ ನೀರಿನಿಂದ ಗದ್ದೆ ನೆನೆಯುತ್ತಿದ್ದ ದಿನಗಳನ್ನು ಬಲ್ಲವರು ಈಗ ತಾತಂದಿರಾಗಿದ್ದಾರೆ. ಬೆಂಗಳೂರಿನ ಪಶ್ಚಿಮದ ಬಹುಪಾಲು ಬಡಾವಣೆಗಳ ಕಥೆಯೂ ಇದೇ. ಒಂದು ತಲೆಮಾರಿನ ಊರು ಮುಂದಿನ ತಲೆಮಾರಿಗೆ ಟ್ರಂಕಿನಲ್ಲಿರುವ ನಾಲ್ಕಾರು ಭಾವಚಿತ್ರಗಳಾಗಿ ಮಾತ್ರ ಉಳಿದಿದೆ. ಅವನ್ನು ತೆಗೆದು ತೋರಿಸಿದರೆ ಮಕ್ಕಳು ಒಂದು ಕ್ಷಣ ನೋಡಿ ಓಡಿಹೋಗುತ್ತಾರೆ. ಅದೇ ಚಿತ್ರವನ್ನು ತುಂಡುಮಾಡಿ ಮುಂದಿಟ್ಟರೆ ಒಂದು ಗಂಟೆಯ ಕಾಲ ಕದಲುವುದಿಲ್ಲ!

ಆಡುವವರು ತಮ್ಮದೇ ಭಾವಚಿತ್ರವನ್ನೋ ಚಲನಚಿತ್ರವನ್ನೋ ಒಳಗಿಟ್ಟು ಆಡಬಹುದಾದ ಕಂಪ್ಯೂಟರ್ ಆಟಗಳು ಹಲವಿವೆ. ಅವುಗಳಲ್ಲಿ ಕೆಲವಕ್ಕೆ ಬೆಲೆಯೇ ಇಲ್ಲ. ಅವು ಹೇಗೆ ನಡೆಯುತ್ತವೆಂಬ ಗುಟ್ಟೂ ಇಲ್ಲ. ಮುಕ್ತ ತಂತ್ರಾಂಶವೆಂದು ಕರೆಯಲ್ಪಡುವ ಈ ಬಗೆಯ ಆಟಗಳು ನಮ್ಮ ಮನೆಗಳಲ್ಲಿ ಇನ್ನೂ ಅಷ್ಟಾಗಿ ಪರಿಚಿತವಾಗಿಲ್ಲ.

ಹಲಗೆಯಿಂದ ತೆರೆಗೆ

ಚಿತ್ರವನ್ನು ಕತ್ತರಿಸಿ ಮರಳಿ ಜೋಡಿಸುವ ಆಟ ಹುಟ್ಟಿದ್ದು ಪಾಠಶಾಲೆಯ ನೆರಳಿನಲ್ಲಿ. ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ಭೂಪಟ ಕೆತ್ತನೆಗಾರನು 1760ರ ದಶಕದಲ್ಲಿ ಭೂಪಟಗಳನ್ನು ಮರದ ಹಲಗೆಗೆ ಅಂಟಿಸಿ, ದೇಶದೇಶಗಳ ಎಲ್ಲೆಗುಂಟ ಗರಗಸದಿಂದ ಕೊಯ್ದು ಮಾರುತ್ತಿದ್ದನು. ಮಕ್ಕಳು ಭೂಗೋಳ ಕಲಿಯಲೆಂಬುದು ಅದರ ಉದ್ದೇಶ. ಮುಂದೆ ಮರದ ಬದಲು ರಟ್ಟು ಬಂದಿತು. 1930ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು ತೀವ್ರವಾಗಿದ್ದಾಗ, ಕೆಲಸವಿಲ್ಲದ ಸಂಜೆಗಳನ್ನು ಕಳೆಯಲು ಜನ ಈ ಅಗ್ಗದ ಆಟಕ್ಕೆ ಮುಗಿಬಿದ್ದರು. ಆದರೆ ಅಂಗಡಿಯ ಪೆಟ್ಟಿಗೆಯಲ್ಲಿ ದೊರೆಯುತ್ತಿದ್ದುದು ಯಾರದೋ ಊರಿನ ಗಾಳಿಯಂತ್ರ, ಯಾರದೋ ಮನೆಯ ಬೆಕ್ಕಿನ ಮರಿ. ಸ್ವಂತ ಮನೆಯ ಚಿತ್ರವನ್ನು ಆಟವಾಗಿಸಬೇಕಾದರೆ ಬಡಗಿಯ ಕೈಹಿಡಿಯಬೇಕಾಗಿತ್ತು.

ಈ ಕಷ್ಟವನ್ನು ಕಂಪ್ಯೂಟರು ನೀಗಿಸಿದೆ. ಪಾಲಾಪೆಲಿ ಎಂಬ ಆಟವನ್ನೇ ನೋಡಬಹುದು. ಹೆಸರು ನಮ್ಮ ಕಿವಿಗೆ ಯಾವುದೋ ಪಲ್ಯದಂತೆ ಕೇಳಿಸಿದರೂ, ಫಿನ್ಲೆಂಡಿನ ಭಾಷೆಯಲ್ಲಿ ಅದಕ್ಕೆ ತುಂಡು ಜೋಡಿಸುವ ಆಟವೆಂದೇ ಅರ್ಥ. ಕೆಡಿಇ ಎಂಬ ಸ್ವಯಂಸೇವಕರ ಬಳಗ ಇದನ್ನು ನೋಡಿಕೊಳ್ಳುತ್ತಿದೆ. ನಮ್ಮಲ್ಲಿರುವ ಯಾವ ಚಿತ್ರವನ್ನಾದರೂ ಅದಕ್ಕೆ ಕೊಟ್ಟು, ಎಷ್ಟು ತುಂಡುಗಳಾಗಬೇಕೆಂದು ಹೇಳಿದರೆ ಸಾಕು. ಕಣ್ಣೆವೆಯಿಕ್ಕುವಷ್ಟರಲ್ಲಿ ಕೊಯ್ದು ಹರಡುತ್ತದೆ. ತುಂಡುಗಳನ್ನು ಮೇಜಿನ ಮೇಲಿಟ್ಟಂತೆ ಎಲ್ಲಿಗೆ ಬೇಕಾದರೂ ಸರಿಸಬಹುದು. ಕಾಲಮಿತಿಯಿಲ್ಲ, ಅಂಕಗಳ ಕಾಟವಿಲ್ಲ, ನಡುವೆ ಬಂದು ಕಣ್ಣು ಕುಕ್ಕುವ ಜಾಹೀರಾತಿಲ್ಲ. ಇಟ್ಟ ಪ್ರತಿಯೊಂದು ತುಂಡೂ ಆಗಿಂದಾಗಲೇ ದಾಖಲಾಗುವುದರಿಂದ, ಊಟಕ್ಕೆ ಕರೆದರೆ ಎದ್ದುಹೋಗಿ ಮರುದಿನ ಅಲ್ಲಿಂದಲೇ ಮುಂದುವರಿಸಬಹುದು. ರಟ್ಟಿನ ತುಂಡುಗಳನ್ನು ಊಟದ ಮೇಜಿನ ಮೇಲೆ ಹರಡಿ, ಮೂರು ದಿನ ನೆಲದ ಮೇಲೆ ಊಟಮಾಡಿದ ಮನೆಯವರಿಗೆ ಇದರ ಬೆಲೆ ಗೊತ್ತಾಗುತ್ತದೆ!

ಇನ್ನೊಂದು ಅನುಕೂಲವುಂಟು. ಹೀಗೆ ಮಾಡಿದ ಆಟವನ್ನು ಒಂದೇ ಕಡತವಾಗಿ ಕಟ್ಟಿ ಬೇರೆಯವರಿಗೆ ಕೊಡಬಹುದು. ದೂರದೇಶದಲ್ಲಿರುವ ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಜ್ಜಿಯ ಕಡೆಯಿಂದ ತೆಂಗಿನಕಾಯಿ ಹೋಳಿಗೆ ತಲಪದಿದ್ದರೂ, ಆ ಹೋಳಿಗೆ ತಟ್ಟುತ್ತಿರುವ ಅಜ್ಜಿಯ ಚಿತ್ರ ನೂರು ತುಂಡುಗಳಾಗಿ ತಲಪೀತು.

ಪುಡಿಯ ಪೊಟ್ಟಣವೂ ಅಳತೆಯ ಚೀಟಿಯೂ

ಮುಕ್ತ ತಂತ್ರಾಂಶವೆಂದರೇನು? ಅಂಗಡಿಯಿಂದ ಸಾರಿನ ಪುಡಿಯ ಪೊಟ್ಟಣ ತಂದರೆ ಸಾರಾಗುತ್ತದೆ, ನಿಜ. ಆದರೆ ಅದರಲ್ಲಿ ಮೆಂತ್ಯವೆಷ್ಟು, ಮೆಣಸಿನಕಾಯಿಯೆಷ್ಟೆಂದು ತಿಳಿಯದು. ನೆರೆಮನೆಯಾಕೆ ಪುಡಿಯೊಡನೆ ಅಳತೆಯ ಚೀಟಿಯನ್ನೂ ಬರೆದುಕೊಟ್ಟರೆ? ಖಾರ ಹೆಚ್ಚೆನಿಸಿದರೆ ಕಡಿಮೆಮಾಡಿಕೊಳ್ಳಬಹುದು, ಓರಗಿತ್ತಿಗೂ ಆ ಚೀಟಿಯನ್ನು ದಾಟಿಸಬಹುದು. ಮುಕ್ತ ತಂತ್ರಾಂಶವು ಈ ಎರಡನೆಯ ಬಗೆಯದು. ಕಂಪ್ಯೂಟರಿಗೆ ಕೊಟ್ಟ ಆಜ್ಞೆಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಈ ಧ್ಯೇಯವನ್ನು ಸಾರಿದನು. 1989ರಲ್ಲಿ ಅದಕ್ಕೊಂದು ಕಟ್ಟುನಿಟ್ಟಾದ ಪರವಾನಗಿ ಪತ್ರವೂ ಸಿದ್ಧವಾಯಿತು. ಆ ಪತ್ರದಡಿ ಹೊರಬಂದುದನ್ನು ತಿದ್ದಿ ಹಂಚುವವರು, ತಮ್ಮ ತಿದ್ದುಪಾಟನ್ನೂ ಅದೇ ರೀತಿ ತೆರೆದಿಡಬೇಕೆಂಬುದು ಅದರ ಮುಖ್ಯ ಕಟ್ಟಳೆ.

ಬೆಲೆಯಿಲ್ಲದ್ದೆಲ್ಲ ಮುಕ್ತವೆಂದು ಭಾವಿಸುವುದು ಮಾತ್ರ ತಪ್ಪು. ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವ ಬಹಳಷ್ಟು ಆಟಗಳ ಚೀಟಿಯನ್ನು ಹೊರಗಿನವರು ಯಾರೂ ಕಂಡಿಲ್ಲ.

ಹದಿನೈದರ ಆಟದ ಒಂದು ಸ್ವಾರಸ್ಯ

ಚೌಕಟ್ಟಿನೊಳಗೆ ಹದಿನೈದು ಬಿಲ್ಲೆಗಳು, ಒಂದು ಖಾಲಿ ಜಾಗ; ಸರಿಸುತ್ತ ಸರಿಸುತ್ತ ಅಂಕಿಗಳನ್ನು ಕ್ರಮಕ್ಕೆ ತರಬೇಕು. ಜಾತ್ರೆಯ ಅಂಗಡಿಗಳಲ್ಲಿ ಈ ಪ್ಲಾಸ್ಟಿಕ್ ಆಟಿಕೆಯನ್ನು ಕೊಂಡಾಡದ ಹುಡುಗರು ವಿರಳ. ನ್ಯೂಯಾರ್ಕ್ ಪ್ರಾಂತದ ಕ್ಯಾನಸ್ಟೋಟ ಎಂಬ ಊರಿನ ಪೋಸ್ಟ್ ಮಾಸ್ಟರ್ ನಾಯ್ಸ್ ಚಾಪ್ಮನ್ ಎಂಬವನು ಇದನ್ನು ಕಂಡುಹಿಡಿದವನು. 1880ರಲ್ಲಿ ಅಮೆರಿಕಕ್ಕೂ ಯೂರೋಪಿಗೂ ಇದರ ಹುಚ್ಚು ಹಿಡಿಯಿತು. ಕೊನೆಯ ಎರಡು ಬಿಲ್ಲೆಗಳಾದ 14 ಮತ್ತು 15 ಮಾತ್ರ ಅದಲುಬದಲಾಗಿರುವ ಸ್ಥಿತಿಯಿಂದ ಆಟವನ್ನು ಬಿಡಿಸಿದವರಿಗೆ ಸಾವಿರ ಡಾಲರು ಕೊಡುವೆನೆಂದು ಸ್ಯಾಮ್ ಲಾಯ್ಡ್ ಎಂಬ ಒಗಟುಗಾರ ಮುಂದೆ ಸಾರಿದನು. ಅವನ ಜೇಬಿಗೆ ಅಪಾಯವೇನೂ ಇರಲಿಲ್ಲ. ಹಾಗೆ ಬಿಡಿಸುವುದು ಅಸಾಧ್ಯವೆಂದು ಇಬ್ಬರು ಗಣಿತಜ್ಞರು 1879ರಲ್ಲಿಯೇ ತೋರಿಸಿಕೊಟ್ಟಿದ್ದರು. ಸಾಧ್ಯವಿರುವ ಜೋಡಣೆಗಳಲ್ಲಿ ಸರಿಯಾಗಿ ಅರ್ಧದಷ್ಟು ಮಾತ್ರ ಸರಿಸುವುದರಿಂದ ಒದಗುತ್ತವೆ. ಆ ಅರ್ಧವೇ ಹತ್ತು ಲಕ್ಷ ಕೋಟಿಗಿಂತ ಹೆಚ್ಚು.

ಅಂಕಿಗಳ ಬದಲು ಮನೆಯ ಚಿತ್ರವನ್ನಿಟ್ಟರೆ ಈ ನಿಯಮಕ್ಕೊಂದು ಕಿಂಡಿ ತೆರೆಯುತ್ತದೆ. ಚಿತ್ರದ ಮೇಲ್ಭಾಗದಲ್ಲಿ ಬರಿಯ ನೀಲಿ ಆಕಾಶವಿದ್ದು, ಎರಡು ಬಿಲ್ಲೆಗಳು ಕಣ್ಣಿಗೆ ಒಂದೇ ತೆರನಾಗಿವೆಯೆನ್ನಿ. ಅವೆರಡನ್ನೂ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಯಾರಿಗೂ ತಿಳಿಯದು. ಆಗ ಅಂಕಿಗಳಲ್ಲಿ ಅಸಾಧ್ಯವಾಗಿದ್ದುದು ಚಿತ್ರದಲ್ಲಿ ಸಾಧ್ಯವಾಗುತ್ತದೆ! ಗಣಿತದಲ್ಲಿ ಆಸಕ್ತಿಯಿರುವ ಮಕ್ಕಳಿಗೆ ಇದನ್ನು ಕಾಗದದ ಬಿಲ್ಲೆಗಳಿಂದ ಮಾಡಿ ತೋರಿಸಿದರೆ ಒಂದು ಭಾನುವಾರ ಸಾರ್ಥಕವಾದೀತು.

ಚಲಿಸುವ ತುಂಡುಗಳು

ನಿಂತ ಚಿತ್ರಕ್ಕಿಂತಲೂ ಅಚ್ಚರಿಯದು ಓಡುವ ಚಿತ್ರದ ಆಟ. ಕಿತ್ತಳೆ ಬಣ್ಣದ ಶಂಕುವಿನ ಗುರುತುಳ್ಳ ವಿಎಲ್‌ಸಿ ಎಂಬ ಚಲನಚಿತ್ರ ತೋರಿಸುವ ತಂತ್ರಾಂಶ ಬಹಳ ಮನೆಗಳ ಕಂಪ್ಯೂಟರುಗಳಲ್ಲಿದೆ. 1996ರಲ್ಲಿ ಪ್ಯಾರಿಸಿನ ಎಕೋಲ್ ಸೆಂಟ್ರಾಲ್ ಎಂಬ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳು ಇದನ್ನು ಮೊದಲುಮಾಡಿದರು. 2001ರ ಫೆಬ್ರವರಿಯಲ್ಲಿ ಇದು ಮುಕ್ತವಾಯಿತು. ಆ ಹುಡುಗರ ಸಂಘದವರು ರಸ್ತೆಬದಿಯ ಶಂಕುಗಳನ್ನು ಹೊತ್ತುತಂದು ಕೂಡಿಡುತ್ತಿದ್ದರೆಂದೂ, ಅದೇ ಗುರುತಾಯಿತೆಂದೂ ಹೇಳುತ್ತಾರೆ. ವಿದ್ಯಾರ್ಥಿಗಳ ತುಂಟತನಕ್ಕೆ ದೇಶಭೇದವಿಲ್ಲ.

ಸಿನಿಮಾ ನೋಡಲು ಇದನ್ನು ಬಳಸುವವರಲ್ಲಿ ಹೆಚ್ಚಿನವರಿಗೆ ಇದರೊಳಗೊಂದು ಆಟ ಅಡಗಿದೆಯೆಂಬುದು ತಿಳಿಯದು. ಚಿತ್ರ ಓಡುತ್ತಿರುವಾಗ 'ಟೂಲ್ಸ್' ಪಟ್ಟಿಯ 'ಎಫೆಕ್ಟ್ಸ್ ಅಂಡ್ ಫಿಲ್ಟರ್ಸ್' ತೆರೆದು, 'ವಿಡಿಯೊ ಎಫೆಕ್ಟ್ಸ್' ವಿಭಾಗದ 'ಜಿಯೊಮೆಟ್ರಿ' ಪುಟಕ್ಕೆ ಹೋದರೆ 'ಪಜಲ್ ಗೇಮ್' ಎಂಬ ಚೌಕ ಕಾಣುತ್ತದೆ. ಅದನ್ನು ಒತ್ತಿ, ಅಡ್ಡಸಾಲು ಕಂಬಸಾಲುಗಳು ಎಷ್ಟೆಂದು ಹೇಳಬೇಕು. ಒಡನೆಯೇ ಓಡುವ ಚಿತ್ರ ಚೂರುಚೂರಾಗಿ ಕಲಸಿಹೋಗುತ್ತದೆ. ಚೂರುಗಳು ಮಾತ್ರ ನಿಲ್ಲುವುದಿಲ್ಲ. ಒಂದು ಚೂರಿನಲ್ಲಿ ವಾಲಗದವನ ಕೆನ್ನೆ ಉಬ್ಬುತ್ತಿದೆ, ಇನ್ನೊಂದರಲ್ಲಿ ಅಕ್ಷತೆ ಬೀಳುತ್ತಿದೆ, ಮೂಲೆಯ ಚೂರಿನಲ್ಲಿ ಯಾರದೋ ಬಳೆ ತುಂಬಿದ ಕೈ ಬೀಸಣಿಗೆ ಬೀಸುತ್ತಿದೆ. ಆ ಕೈಯ ಒಡತಿ ಯಾರೆಂದು ಕಂಡುಹಿಡಿದವರೇ ಆ ಚೂರಿಗೆ ಜಾಗ ಹುಡುಕಬಲ್ಲರು. ಬಳೆಯನ್ನು ನೋಡಿಯೇ ಹೆಸರು ಹೇಳಬಲ್ಲ ಅಜ್ಜಿಯ ಮುಂದೆ ಕಂಪ್ಯೂಟರು ಬಲ್ಲ ಮೊಮ್ಮಗನು ಸೋಲುವುದು ಇಲ್ಲಿಯೇ.

ಮದುವೆಯ ಚಿತ್ರಗಳ ಮಾತು ಬಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. 1980ರ ಮತ್ತು 90ರ ದಶಕಗಳಲ್ಲಿ ನಮ್ಮ ಮಧ್ಯಮವರ್ಗದ ಮದುವೆಗಳು ಕಪ್ಪು ಕ್ಯಾಸೆಟ್ಟುಗಳಲ್ಲಿ ದಾಖಲಾದುವು. ಅವುಗಳನ್ನು ನಡೆಸುವ ವಿಸಿಆರ್ ಯಂತ್ರ ತಯಾರಿಸುತ್ತಿದ್ದವರಲ್ಲಿ ಕೊನೆಯದೆನಿಸಿದ ಜಪಾನಿನ ಫುನಾಯಿ ಕಂಪನಿ 2016ರ ಜುಲೈಯಲ್ಲಿ ಆ ಕೆಲಸವನ್ನು ಕೈಬಿಟ್ಟಿತು. ಇದ್ದ ಯಂತ್ರಗಳು ಕೆಡುತ್ತಿವೆ. ಕ್ಯಾಸೆಟ್ಟಿನ ಸುರುಳಿಗೂ ವಯಸ್ಸಾಗುತ್ತಿದೆ, ನಮ್ಮ ಸೆಕೆಗೂ ತೇವಕ್ಕೂ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟನ್ನು ಕಂಪ್ಯೂಟರಿನ ಕಡತವಾಗಿ ಮಾಡಿಕೊಡುವ ಸ್ಟುಡಿಯೋಗಳು ಇನ್ನೂ ಇರುವಾಗಲೇ ಆ ಕೆಲಸ ಮುಗಿಸಿಕೊಳ್ಳುವುದು ಲೇಸು. ಆಟ ಆಮೇಲಿನ ಮಾತು.

ಹಾಡುವ ಮನೆಗಳಿಗೆ ಅಲ್ಟ್ರಾಸ್ಟಾರ್ ಡಿಲಕ್ಸ್ ಎಂಬ ಇನ್ನೊಂದು ಮುಕ್ತ ಆಟವಿದೆ. ಹಾಡಿನ ಸಾಹಿತ್ಯವನ್ನೂ ಸ್ವರದ ಏರಿಳಿತವನ್ನೂ ಒಂದು ಪಠ್ಯ ಕಡತದಲ್ಲಿ ಬರೆದು, ಜೊತೆಗೆ ನಮ್ಮದೇ ಧ್ವನಿಮುದ್ರಿಕೆಯನ್ನೂ ಚಲನಚಿತ್ರವನ್ನೂ ಇಟ್ಟರೆ, ಹಾಡಿದವರ ಶ್ರುತಿ ಎಲ್ಲಿ ತಪ್ಪಿತೆಂದು ಅದು ಲೆಕ್ಕವಿಡುತ್ತದೆ. ಆ ಕಡತ ಬರೆಯುವುದು ತಾಳ್ಮೆಯ ಕೆಲಸ. ಮನೆಯವರ ಸ್ನೇಹ ಉಳಿಯಬೇಕಾದರೆ ಲೆಕ್ಕವನ್ನು ನೋಡದಿರುವುದೇ ಒಳ್ಳೆಯದು.

ಕನ್ನಡ ಬಲ್ಲ ಬಣ್ಣದ ಪೆಟ್ಟಿಗೆ

ಸಣ್ಣ ಮಕ್ಕಳಿಗೆ ಇವೆಲ್ಲಕ್ಕಿಂತ ಹಿಡಿಸುವುದು ಟಕ್ಸ್ ಪೇಂಟ್. ಅಮೆರಿಕದ ಬಿಲ್ ಕೆಂಡ್ರಿಕ್ 2002ರಲ್ಲಿ ಆರಂಭಿಸಿದ ಈ ಚಿತ್ರ ಬರೆಯುವ ತಂತ್ರಾಂಶ ಕನ್ನಡದಲ್ಲಿಯೂ ಮಾತನಾಡಬಲ್ಲದು. ಮನೆಯ ಭಾವಚಿತ್ರವನ್ನು ಇದರೊಳಗಿಟ್ಟು, ತಾತನಿಗೆ ಮೀಸೆ ಬರೆಯಬಹುದು, ಚಿಕ್ಕಪ್ಪನ ತಲೆಗೆ ಕೂದಲು ಮೂಡಿಸಬಹುದು. ಬೆಕ್ಕಿನದೋ ತಂಗಿಯದೋ ಚಿತ್ರವನ್ನು ಕತ್ತರಿಸಿ ಮುದ್ರೆಯಾಗಿಸಿಕೊಂಡರೆ, ಬೇಕಾದಷ್ಟು ಸಲ ಒತ್ತಬಹುದು. ಅದರ ಮಾಯಾ ಸಾಧನಗಳಲ್ಲಿ ಚಿತ್ರವನ್ನು ತುಂಡುಮಾಡಿ ಕಲಸುವುದೂ ಒಂದು. ಮಗು ತಾನೇ ಬರೆದ ಚಿತ್ರವನ್ನು ತಾನೇ ಕಲಸಿ, ತಾನೇ ಜೋಡಿಸಲು ಕೂರುತ್ತದೆ.

ಕನ್ನಡದಲ್ಲಿ ಮಾತನಾಡಬಲ್ಲದು ಎಂದಾಗ, ಯಾವುದೋ ಕಂಪನಿ ಹಣ ಕೊಟ್ಟು ಮಾಡಿಸಿತೆಂದು ಭಾವಿಸಬಾರದು. ಮುಕ್ತ ತಂತ್ರಾಂಶದಲ್ಲಿ ಇಂಗ್ಲಿಷ್ ಸೂಚನೆಗಳೆಲ್ಲ ಒಂದು ಪಟ್ಟಿಯಲ್ಲಿರುತ್ತವೆ. ಪ್ರತಿಯೊಂದರ ಕೆಳಗೂ ಕನ್ನಡವನ್ನು ಬರೆಯುತ್ತ ಹೋಗಬೇಕು, ಅಷ್ಟೆ. ಅದಕ್ಕೆ ಕಂಪ್ಯೂಟರ್ ವಿದ್ಯೆಗಿಂತ ಒಳ್ಳೆಯ ಕನ್ನಡವೇ ಹೆಚ್ಚು ಬೇಕು. ಎಷ್ಟೋ ಆಟಗಳ ಸೂಚನೆಗಳು ಇನ್ನೂ ಇಂಗ್ಲಿಷಿನಲ್ಲಿಯೇ ಉಳಿದಿವೆ. ನಿವೃತ್ತ ಕನ್ನಡ ಮೇಷ್ಟರೊಬ್ಬರೂ ತಾಂತ್ರಿಕ ಕಾಲೇಜಿನ ಹುಡುಗಿಯೊಬ್ಬಳೂ ಒಂದು ತಿಂಗಳು ಜೊತೆಗೆ ಕುಳಿತರೆ ಒಂದು ಆಟವಾದರೂ ಕನ್ನಡಕ್ಕೆ ಬಂದೀತು.

ಮಕ್ಕಳಿಗೆ ಇಂತಹ ಉಪಕರಣ ಸಿಕ್ಕಿದರೆ ಏನಾಗುತ್ತದೆಂಬುದಕ್ಕೆ ನಿದರ್ಶನ ಬೆಂಗಳೂರಿನಲ್ಲಿಯೇ ಉಂಟು. ಸುದರ್ಶನ ಬಡಾವಣೆಯ ಬಡ ಕುಟುಂಬಗಳ ಮಕ್ಕಳಿಗಾಗಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಕಾರ್ಯಕರ್ತರು ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಎಂಬ ಕಲಿಕೆಯ ಕೇಂದ್ರವನ್ನು ಕಟ್ಟಿದರು. ಗಿಂಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಅಲ್ಲಿಯ ಮಕ್ಕಳು ಬರೆದ ಚಿತ್ರಗಳ ಸುದ್ದಿ ಕಡಲಾಚೆಗೂ ತಲಪಿ, ಈ ಚಳವಳಿಯ ಮೂಲಸಂಸ್ಥೆಯವರು ಶಿಕ್ಷಣದ ಮಾದರಿಯೆಂದು ಅದನ್ನು ಲೋಕಕ್ಕೆ ತೋರಿಸಿದರು.

ಚಿತ್ರ ಎಲ್ಲಿಗೆ ಹೋಗುತ್ತದೆ?

ಸ್ವಂತ ಚಿತ್ರ ಹಾಕಿ ಆಡುವ ಆಟಗಳು ಫೋನಿನಲ್ಲಿಯೂ ಹೇರಳವಾಗಿವೆಯಲ್ಲ, ಇಷ್ಟೆಲ್ಲ ತೊಂದರೆಯೇಕೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಉತ್ತರ ಚಿತ್ರದಲ್ಲಿದೆ. ಅಂಗಡಿಯ ಗಾಳಿಯಂತ್ರದ ಚಿತ್ರ ಎಲ್ಲಿಗೆ ಹೋದರೂ ಯಾರಿಗೂ ನಷ್ಟವಿಲ್ಲ. ಎಣ್ಣೆನೀರಿನ ಮಗುವಿನ ಚಿತ್ರ, ಹೆರಿಗೆಗೆ ಬಂದ ಮಗಳ ಚಿತ್ರ, ಮನೆಯ ಬಾಗಿಲ ಸಂಖ್ಯೆ ಕಾಣುವ ಗೃಹಪ್ರವೇಶದ ಚಿತ್ರ ಹಾಗಲ್ಲ. ಕೆಲವು ಆಟಗಳು ಚಿತ್ರವನ್ನು ದೂರದ ಯಂತ್ರಕ್ಕೆ ಕಳುಹಿಸಿ ಅಲ್ಲಿ ಕತ್ತರಿಸಿ ತರುತ್ತವೆ. ಕತ್ತರಿಸಿದ ಮೇಲೆ ಮೂಲವನ್ನು ಅಲ್ಲಿ ಏನುಮಾಡಿದರೆಂಬುದು ಆಡುವವರಿಗೆ ಕಾಣುವುದಿಲ್ಲ. ಫೋನಿನ ಚಿತ್ರಗಳನ್ನೆಲ್ಲ ನೋಡಲು ಅಪ್ಪಣೆ ಕೇಳುವ ಆಟಕ್ಕೆ, ಮಗುವಿನ ಬೆರಳು ಯೋಚಿಸದೆ 'ಆಗಲಿ' ಎನ್ನುತ್ತದೆ.

ನಮ್ಮ ಸಂಸತ್ತು 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯನ್ನು ಮಾಡಿತು. ಹದಿನೆಂಟು ತುಂಬದವರ ವಿವರಗಳನ್ನು ಬಳಸುವ ಸಂಸ್ಥೆಗಳು ತಂದೆತಾಯಿಗಳ ಒಪ್ಪಿಗೆಯನ್ನು ಪಡೆಯಬೇಕೆಂದು ಅದು ಹೇಳುತ್ತದೆ. ಮನೆಯವರು ಮನೆಯ ಮಟ್ಟಿಗೆ ಚಿತ್ರಗಳನ್ನು ಬಳಸಿಕೊಳ್ಳುವುದಕ್ಕೆ ಅದರ ಅಡ್ಡಿಯಿಲ್ಲ. ಆದರೆ ಹೊರಗೆ ಹೋದ ಚಿತ್ರವನ್ನು ಮರಳಿ ತರುವುದು ಕಾಯಿದೆಗೂ ಕಷ್ಟದ ಕೆಲಸವೇ.

ಮುಕ್ತವೆಂದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದಲ್ಲ. ಮುಕ್ತ ತಂತ್ರಾಂಶವೂ ಚಿತ್ರವನ್ನು ಹೊರಗೆ ಕಳುಹಿಸಬಲ್ಲದು. ಕಳುಹಿಸಿದರೆ ಆ ಸಂಗತಿ ಮೂಲ ಬರಹದಲ್ಲಿ ಬಲ್ಲವರ ಕಣ್ಣಿಗೆ ಬೀಳುತ್ತದೆ ಎಂಬುದಷ್ಟೇ ವ್ಯತ್ಯಾಸ, ಮತ್ತು ಅದು ದೊಡ್ಡ ವ್ಯತ್ಯಾಸ. ಮೂಲ ಬರಹ ಓದಲು ಬಾರದ ಗೃಹಸ್ಥರಿಗೆ ಒಂದು ಸುಲಭದ ಪರೀಕ್ಷೆಯಿದೆ. ಅಂತರ್ಜಾಲದ ಸಂಪರ್ಕವನ್ನು ಕಿತ್ತುಹಾಕಿ, ಹೊಸದೊಂದು ಚಿತ್ರವನ್ನು ಆಟಕ್ಕೆ ಕೊಟ್ಟು ನೋಡಬೇಕು. ಆಗಲೂ ಆಟ ನಡೆದರೆ ಚಿತ್ರವನ್ನು ಕತ್ತರಿಸಲು ಹೊರಗಿನ ಯಂತ್ರದ ಅಗತ್ಯ ಅದಕ್ಕಿಲ್ಲವೆಂದಾಯಿತು. ಪಾಲಾಪೆಲಿಯೂ ಟಕ್ಸ್ ಪೇಂಟೂ ವಿಎಲ್‌ಸಿಯ ಆಟವೂ ಹೀಗೆ ನಡೆಯುವಂತಹವು. ಸಂಪರ್ಕ ಕಡಿದೇ ಆಡಿದರೆ ಇನ್ನೂ ನೆಮ್ಮದಿ.

ಆಡುವ ಮುನ್ನ

ಇವುಗಳಲ್ಲಿ ಕುಂದಿಲ್ಲವೆನ್ನುವಂತಿಲ್ಲ. ಪಾಲಾಪೆಲಿ ಮುಖ್ಯವಾಗಿ ಲಿನಕ್ಸ್ ಕಂಪ್ಯೂಟರುಗಳ ಆಟ. ವಿಎಲ್‌ಸಿಯ ಆಟವನ್ನಂತೂ ಯಾರೋ ಬೇಕೆಂದೇ ಬಚ್ಚಿಟ್ಟಂತಿದೆ. ಕೆಟ್ಟರೆ ಕೂಡಲೇ ಬಂದು ಸರಿಪಡಿಸುವ ಅಂಗಡಿಯವನಿಲ್ಲ. ಪಕ್ಕದ ಮನೆಯ ಕಾಲೇಜು ಹುಡುಗನಿಗೆ ಒಂದು ಲೋಟ ಕಾಫಿ ಕೊಟ್ಟು ಒಮ್ಮೆ ಸಿದ್ಧಪಡಿಸಿಕೊಂಡರೆ ಆಮೇಲೆ ಕಷ್ಟವಿಲ್ಲ.

ಚಿತ್ರದ ಆಯ್ಕೆಯಲ್ಲಿ ಎಚ್ಚರ ಬೇಕು. ಬಯಲು, ಆಕಾಶ, ಬಿಳಿಗೋಡೆ ಹೆಚ್ಚಾಗಿರುವ ಚಿತ್ರ ಬೇಸರ ತರಿಸುತ್ತದೆ. ಹಬ್ಬದ ಪಂಕ್ತಿ, ಗೊಂಬೆಗಳ ಸಾಲು, ಮೆಟ್ಟಿಲ ಮೇಲೆ ಕುಳಿತ ಬಂಧುಬಳಗ ಇವು ಹೊಂದುತ್ತವೆ. ಐದಾರು ವರ್ಷದ ಮಕ್ಕಳಿಗೆ ಹನ್ನೆರಡು ತುಂಡು ಸಾಕು. ಹತ್ತು ದಾಟಿದವರಿಗೆ ಐವತ್ತರಿಂದ ನೂರು. ಹಳೆಯ ಸಣ್ಣ ಚಿತ್ರವನ್ನು ಫೋನಿನಲ್ಲಿ ಹಿಡಿದರೆ ದೀಪದ ಹೊಳಪು ಬೀಳುತ್ತದೆ. ಸ್ಕ್ಯಾನರಿನಲ್ಲಿ ಅಂಗುಲಕ್ಕೆ 600 ಚುಕ್ಕೆಗಳಂತೆ ಪ್ರತಿ ತೆಗೆದರೆ ಮುಖಗಳು ಸ್ಪಷ್ಟವಾಗಿ ಉಳಿಯುತ್ತವೆ. ಬಣ್ಣದ ಹಳೆಯ ಪ್ರತಿಗಳಿಗೆ ಮೊದಲ ಸರದಿ ಕೊಡಬೇಕು. ಬೆಳ್ಳಿಯ ಲವಣದಿಂದ ಮೂಡಿದ ಅಜ್ಜನ ಕಾಲದ ಕಪ್ಪುಬಿಳುಪು ಚಿತ್ರ ಬಹುಕಾಲ ತಾಳುತ್ತದೆ. 1970ರ ದಶಕದ ಬಣ್ಣದ ಚಿತ್ರ ಟ್ರಂಕಿನೊಳಗಿದ್ದೇ ಕೆಂಪಡರಿ ಮಾಸುತ್ತದೆ. ತೆಗೆದ ಪ್ರತಿಯ ಹೆಸರಿನಲ್ಲಿಯೇ ಊರು, ವರ್ಷ, ನಿಂತವರ ಹೆಸರುಗಳನ್ನು ಬರೆದಿಡಬೇಕು. ಬರೆಯಬಲ್ಲವರು ಇನ್ನೂ ಮನೆಯಲ್ಲಿರುವಾಗಲೇ ಬರೆಯಬೇಕು.

ಮಲ್ಲತ್ತಹಳ್ಳಿಯ ಆ ಮನೆಯಲ್ಲಿ ಮಳೆ ನಿಂತಿದೆ. ನಲವತ್ತೇಳು ತುಂಡುಗಳು ಕುಳಿತಿವೆ. ಕೆರೆ, ಏರಿ, ತೂಬು, ಎತ್ತಿನ ಗಾಡಿ, ಗಾಡಿಯ ಪಕ್ಕದಲ್ಲಿ ಸಾಲಾಗಿ ನಾಲ್ಕು ಜನ. ಕೊನೆಯ ತುಂಡನ್ನು ಹುಡುಗ ಒತ್ತಿ ಕೂರಿಸುತ್ತಾನೆ. ಲಂಗ ತೊಟ್ಟ ಎಳೆಯ ಹುಡುಗಿಯೊಬ್ಬಳ ಮುಖ.

"ಇದು ಯಾರು ತಾತ?"

ತಾತ ಬಗ್ಗಿ ನೋಡುತ್ತಾರೆ. ನೆನಪಾಗುವುದಿಲ್ಲ. ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಅಜ್ಜಿ ತೆರೆಯನ್ನು ನೋಡಿ ನಗುತ್ತಾರೆ.

"ನಮ್ಮ ಸೀತಮ್ಮತ್ತೆ ಕಣೋ. ಆ ಜಡೆ ಹಾಕಿದ್ದು ನಾನೇ."